ವಾರಕ್ಕೊಂದು ಫೋನು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಒಂಟಿಯಾಗಿರುವ ಹಿರಿಯರಿಗೆ ವಾರಕ್ಕೊಮ್ಮೆ ಫೋನು ಮಾಡಿ ಮಾತನಾಡಲು ಸ್ವಯಂಸೇವಕರು ಬೇಕೆಂದು ನಾವು ಕೇಳಿದೆವು. "ನಾವೇನು ಓದಿದವರೇ ಮೇಷ್ಟ್ರೇ?" ಎಂಬುದೇ ಮೊದಲು ಬಂದ ಉತ್ತರ.

ಈ ಸಂಕೋಚ ಬೇಡ. 1953ರ ನವೆಂಬರಿನಲ್ಲಿ ಲಂಡನ್ನಿನ ಚಾಡ್ ವಾರಾ ಎಂಬ ಪಾದ್ರಿ, ಆತ್ಮಹತ್ಯೆಯ ಯೋಚನೆಯಲ್ಲಿದ್ದವರಿಗಾಗಿ ತಮ್ಮ ಇಗರ್ಜಿಯಲ್ಲಿ ಒಂದು ಫೋನು ಇಟ್ಟರು. ಅನೇಕರು ಖುದ್ದಾಗಿಯೂ ಬಂದರು. ಸರದಿಗಾಗಿ ಕಾದವರಿಗೆ ಚಹಾ ಕೊಟ್ಟು ಜೊತೆಗೆ ಕೂರಲು ಕೆಲವು ಸಾಮಾನ್ಯ ಜನ ನಿಂತರು. ಪಾದ್ರಿಯನ್ನು ಕಾಣುವ ಮುಂಚೆಯೇ ಎಷ್ಟೋ ಮಂದಿಯ ಎದೆ ಹಗುರಾಗುತ್ತಿತ್ತು! 1954ರ ಫೆಬ್ರವರಿಯಲ್ಲಿ ಅವರು ಕೇಳುವ ಕೆಲಸವನ್ನೇ ಈ ಸ್ವಯಂಸೇವಕರಿಗೆ ಒಪ್ಪಿಸಿದರು. ಸಮರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ. 2013ರಲ್ಲಿ ಅದೇ ದೇಶದಲ್ಲಿ ಎಸ್ತರ್ ರಾಂಟ್ಜನ್ ಆರಂಭಿಸಿದ ಸಿಲ್ವರ್ ಲೈನ್, ಸ್ವಯಂಸೇವಕರಿಂದ ವೃದ್ಧರಿಗೆ ವಾರವಾರವೂ ಫೋನು ಮಾಡಿಸುವ ಪದ್ಧತಿ ತಂದಿತು.

ನಮ್ಮಲ್ಲಿ ಹಿರಿಯರಿಗೆಂದು 14567 ಎಂಬ ಸರ್ಕಾರಿ ಸಹಾಯವಾಣಿ 2021ರಿಂದ ದೇಶವ್ಯಾಪಿಯಾಗಿದೆ. ಒಳ್ಳೆಯದೇ. ಆದರೆ ಕಷ್ಟ ಹೇಳಿಕೊಳ್ಳಲು ನಾಚುವ ಹಳೆಯ ಗಿರಣಿಯಾಳು ತಾನಾಗಿ ಫೋನು ಎತ್ತುವನೇ? ನಾವೇ ಮಾಡಬೇಕು.

ಏನು ಮಾತು? ಮಳೆ, ಮಂಡಿನೋವು, ಜೋಳದ ಬೆಲೆ, ಹಳೆಯ ಪಾಳಿಯ ಕಥೆ. ಅದೇ ಕಥೆ ನಾಲ್ಕು ಸಲ ಬಂದರೂ ಕೇಳೋಣ. (ನಮ್ಮ ಭಾಷಣಗಳನ್ನು ನೀವು ಅದಕ್ಕೂ ಹೆಚ್ಚು ಸಲ ಕೇಳಿದ್ದೀರಿ.) ಬುದ್ಧಿವಾದ ಬೇಡ, ಸಾಲದ ವ್ಯವಹಾರ ಬೇಡ. ಕೇಳಿದ್ದು ಅಂಗಡಿ ಕಟ್ಟೆಗೆ ಬರಕೂಡದು. ಸಾಯುವ ಮಾತು ಬಂದರೆ ಒಬ್ಬರೇ ಹೊತ್ತುಕೊಳ್ಳದೆ ನಮಗೆ ತಿಳಿಸಿ. ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರಿಗೂ ಕೊಡಿ. ಪಿಂಚಣಿ ನಿಂತಿದೆಯೆಂದರೆ, ಅವರ ಒಪ್ಪಿಗೆ ಪಡೆದು, ಬರೆದು ತನ್ನಿ. ಸವಿಮಾತಿನಿಂದ ಒಲೆ ಉರಿಯದು. ಕಚೇರಿಯ ಮೆಟ್ಟಿಲು ನಾವು ಹತ್ತುತ್ತೇವೆ.

ಒಂದನ್ನು ಮಾತ್ರ ಬಿಗಿಯಾಗಿ ಹೇಳುತ್ತೇವೆ. ಭಾನುವಾರ ಐದು ಗಂಟೆಗೆಂದರೆ ಆ ತಾಯಿ ನಾಲ್ಕಕ್ಕೇ ಫೋನಿನ ಬಳಿ ಕುಳಿತಿರುತ್ತಾರೆ. ಎರಡು ವಾರ ಮಾಡಿ ಮೂರನೆಯ ವಾರ ಮರೆಯುವವರು ಹೆಸರು ಕೊಡದಿರುವುದೇ ಲೇಸು. ಯಾರೂ ಫೋನು ಮಾಡದ ಮನೆಗಿಂತ, ಮಾಡಿ ಬಿಟ್ಟ ಮನೆಯಲ್ಲಿ ಆ ಸಂಜೆ ಹೆಚ್ಚು ಉದ್ದವಾಗುತ್ತದೆ.

ರಾತ್ರಿ ಪಾಳಿಯವರು ಹಗಲಿನ ಹೊತ್ತು ಹೇಳಿ, ಅಂಗಡಿಯವರು ವಾರದ ರಜೆಯ ದಿನ ಹೇಳಿ. ಪಾಳಿ ಬದಲಾಗುವುದಿದ್ದರೆ ಹಿಂದಿನ ವಾರವೇ ಅವರಿಗೆ ತಿಳಿಸಬೇಕು. ಹೆಸರು ಬರೆಸುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ.