ನಿಂಬೆಯ ಕಜ್ಜಿರೋಗ ಮತ್ತು ಗಿಡದ ಆತ್ಮರಕ್ಷಣೆ



ಭೀಮಾ ತೀರದ ಸೀಮೆಯಲ್ಲಿ ಬೆಳೆಯುವ ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದೇ ಭೀಮೆ ಮುಂದೆ ಯಾದಗಿರಿಯನ್ನು ಹಾದು ಕೃಷ್ಣೆಯನ್ನು ಕೂಡುತ್ತದೆ. ಇಂಡಿಯ ಹೆಸರು ಕೇಳಿ ಕಡೇಚೂರಿನ ಸೀಮೆಯ ರೈತನೂ ನಿಂಬೆ ನೆಡಲು ಬಯಸುವುದು ಸಹಜ. ಆದರೆ ಕಾಗ್ಜಿ ನಿಂಬೆಯು ಕಜ್ಜಿರೋಗಕ್ಕೆ ಬಹುಬೇಗ ತುತ್ತಾಗುವ ತಳಿ ಎಂಬುದನ್ನು ಆತ ಮೊದಲೇ ಅರಿತಿರಬೇಕು. ಕಾಯಿಯ ಮೇಲೆ ಒರಟು ಹುಣ್ಣುಗಳೆದ್ದರೆ ಪೇಟೆಯಲ್ಲಿ ಅದರ ಬೆಲೆ ಕುಸಿಯುತ್ತದೆ.

ರೋಗಕ್ಕೆ ಕಾರಣ ಜಾಂತೋಮೊನಾಸ್ ಎಂಬ ಬ್ಯಾಕ್ಟೀರಿಯ. ಗಾಳಿ-ಮಳೆಯೊಡನೆ ಹರಡುವ ಇದು ಎಲೆಯ ಸೂಕ್ಷ್ಮರಂಧ್ರ ಹಾಗೂ ಗಾಯಗಳ ಮೂಲಕ ಒಳಸೇರುತ್ತದೆ. ಗಿಡವೂ ಸುಮ್ಮನಿರುವುದಿಲ್ಲ. ಅನ್ಯಜೀವಿಯನ್ನು ಗುರುತಿಸಿದ ಜೀವಕೋಶಗಳಲ್ಲಿ ಸ್ಯಾಲಿಸಿಲಿಕ್ ಆಮ್ಲವೆಂಬ ಚೋದಕ ಹೆಚ್ಚುತ್ತದೆ. ಅದರ ಪ್ರೇರಣೆಯಿಂದ ರಕ್ಷಕ ಪ್ರೋಟೀನುಗಳು ಸಿದ್ಧಗೊಳ್ಳುತ್ತವೆ. ಎಲೆ ತಿನ್ನುವ ಹುಳುಗಳ ವಿರುದ್ಧ ಮುಖ್ಯವಾಗಿ ಕೆಲಸಮಾಡುವುದು ಮತ್ತೊಂದು ಚೋದಕ, ಜಾಸ್ಮೋನಿಕ್ ಆಮ್ಲ. ಇವೆರಡೂ ಅನೇಕ ವೇಳೆ ಒಂದನ್ನೊಂದು ತಗ್ಗಿಸುವುದರಿಂದ, ಹುಳು ಮತ್ತು ರೋಗಾಣುಗಳನ್ನು ಏಕಕಾಲಕ್ಕೆ ಎದುರಿಸುವುದು ಗಿಡಕ್ಕೆ ಕಷ್ಟವಾಗಬಹುದು.

ರೋಗಾಣುವೂ ಉಪಾಯಗಾರ. ಅದು ತನ್ನದೊಂದು ಪ್ರೋಟೀನನ್ನು ಕೋಶದೊಳಗೆ ಹೊಗಿಸಿ, ಗಿಡದ್ದೇ ಆದ ಒಂದು ಜೀನನ್ನು ಎಬ್ಬಿಸುತ್ತದೆ. ಆಗ ಕೋಶಗಳು ಊದಿ, ಹೆಚ್ಚಿ, ಎಲೆಯ ಹೊರಪದರ ಒಡೆದು ಹುಣ್ಣಾಗುತ್ತದೆ. ಕೊಡಗಿನ ಕಿತ್ತಳೆಯನ್ನು ಪೀಡಿಸಿದ ಗ್ರೀನಿಂಗ್ ರೋಗದ ಬ್ಯಾಕ್ಟೀರಿಯವಂತೂ ಸ್ಯಾಲಿಸಿಲಿಕ್ ಆಮ್ಲವನ್ನೇ ಒಡೆಯಬಲ್ಲ ಕಿಣ್ವವನ್ನು ಹೊಂದಿದೆ.

ಹಾಗೆಂದು ಚೋದಕವನ್ನೇ ಕೊಂಡು ಸಿಂಪಡಿಸಿದರೆ ಸಾಕೆನ್ನುವಂತಿಲ್ಲ. ಪ್ರಯೋಗಗಳಲ್ಲಿ ಅದರಿಂದ ರೋಗ ತಗ್ಗಿದ್ದುಂಟು. ಪ್ರಮಾಣ ಮೀರಿದರೆ ಎಲೆ ಸುಟ್ಟು ಬೆಳವಣಿಗೆ ಕುಂಠಿತವಾಗುವುದೂ ಉಂಟು. ಪ್ರತಿಜೈವಿಕಗಳ ಸಿಂಪಡಣೆ ಇನ್ನೂ ಅಪಾಯಕರ. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯರೋಗಕ್ಕೂ ಬಳಸುವ ಔಷಧ. ತೋಟದಲ್ಲಿ ಅದನ್ನು ಪದೇ ಪದೇ ಸುರಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳು ಹುಟ್ಟಿಕೊಳ್ಳುತ್ತವೆ.

ಆದುದರಿಂದ ಗಿಡದ ಸ್ವಂತ ರಕ್ಷಣೆಗೆ ನೆರವಾಗುವುದೇ ವಿವೇಕದ ದಾರಿ. ರೋಗರಹಿತ ಸಸಿಗಳನ್ನೇ ನೆಡಬೇಕು. ಮಳೆಗಾಲಕ್ಕೆ ಮುನ್ನ ರೋಗದ ರೆಂಬೆಗಳನ್ನು ಸವರಿ ಸುಡಬೇಕು. ಸವರಿದ ಮೇಲೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ಚಿಗುರಿನ ಕಾಲದಲ್ಲಿ ಎಲೆ ಕೊರೆಯುವ ಹುಳುವನ್ನು ಹತೋಟಿಯಲ್ಲಿಡಬೇಕು, ಏಕೆಂದರೆ ಅದರ ಸುರಂಗವೇ ರೋಗಾಣುವಿಗೆ ಬಾಗಿಲು. ಯೂರಿಯಾ ಮಿತಿಯಲ್ಲಿರಲಿ; ಅತಿಯಾದರೆ ಎಳೆಚಿಗುರು ಹೆಚ್ಚಿ ರೋಗಕ್ಕೆ ಎಡೆಯಾಗುತ್ತದೆ. ಬಯಲಿನ ಬೀಸುಗಾಳಿಗೆ ಎದುರಾಗಿ ಬದುವಿನಲ್ಲಿ ಮರಗಳ ಸಾಲು ಬೆಳೆಯಲಿ. ಎಲೆ ಒದ್ದೆಯಾಗಿರುವಾಗ ತೋಟದ ಕೆಲಸ ಬೇಡ.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣಕ್ಕಿಂತ ಗಮನವೇ ಹೆಚ್ಚು ಬೇಕು. ಒಂದು ತೋಟದ ರೋಗ ಮಳೆಗಾಳಿಯೊಡನೆ ನೆರೆಯ ತೋಟಕ್ಕೂ ದಾಟುವುದರಿಂದ, ಅಕ್ಕಪಕ್ಕದ ರೈತರು ಕೂಡಿಯೇ ಇವನ್ನು ಕೈಗೊಳ್ಳಬೇಕಾಗಿದೆ.