ಹುಲ್ಲಿಗೆ ಬಿಸಿಲು, ಕಣಕ್ಕೆ ಗಾಳಿ

ನುಡಿಗಟ್ಟಿನಲ್ಲಿ ಬಿಡಿಪದಗಳ ಅರ್ಥವೊಂದು, ಒಟ್ಟಿನ ಅರ್ಥ ಬೇರೊಂದು. ಇಂಗ್ಲಿಷಿನಲ್ಲಿ ಒಬ್ಬನು ‘ಬಕೆಟ್ ಒದ್ದ’ನೆಂದರೆ ಸತ್ತನೆಂದು ಅರ್ಥ, ನಾವು ‘ಶಿವನ ಪಾದ ಸೇರಿದ’ ಎನ್ನುತ್ತೇವೆ. ಅಲ್ಲಿ ಬೆಕ್ಕುನಾಯಿಗಳ ಮಳೆ ಸುರಿದರೆ ಇಲ್ಲಿ ಕುಂಭದ್ರೋಣ ಮಳೆ. ಇವನ್ನು ಪಟ್ಟಿಮಾಡಿ ಉರುಹೊಡೆಸುವುದು ಶಾಲೆಗಳ ವಾಡಿಕೆ. ನಾನೂ ಹಾಗೆಯೇ ಕಲಿತೆ, ಹಾಗೆಯೇ ಕಲಿಸಿದೆ. ಅದರಿಂದಾದ ಒಂದು ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಕಾಲೇಜು ಸೇರುವ ಮುನ್ನ ಕೆಲಕಾಲ ನಾನು ಹೈಸ್ಕೂಲೊಂದರಲ್ಲಿ ಕನ್ನಡದ ಜೊತೆಗೆ ಇಂಗ್ಲಿಷನ್ನೂ ಹೇಳಿಕೊಡುತ್ತಿದ್ದೆ. ‘ಮೇಕ್ ಹೇ ವೈಲ್ ದ ಸನ್ ಷೈನ್ಸ್’ ಎಂಬ ಮಾತಿನ ಅರ್ಥವನ್ನು ಪರೀಕ್ಷೆಯಲ್ಲಿ ಕೇಳಿದ್ದೆ. ‘ಬಿಸಿಲಿರುವಾಗಲೇ ಹುಲ್ಲು ಒಣಗಿಸಿಕೊ, ಎಂದರೆ ಸಿಕ್ಕ ಅವಕಾಶವನ್ನು ಬಿಡಬೇಡ’ ಎಂಬುದು ನಾನು ಬರೆಸಿದ್ದ ಉತ್ತರ. ದೊಡ್ಡಆಲಹಳ್ಳಿಯ ಕಡೆಯ ಹುಡುಗನೊಬ್ಬ ‘ಗಾಳಿ ಬಂದಾಗ ತೂರಿಕೊ’ ಎಂದು ಬರೆದಿದ್ದ. ಬಿಸಿಲು ಕೇಳಿದರೆ ಗಾಳಿ ಬರೆದಿದ್ದಾನೆಂದು ಸೊನ್ನೆ ಹಾಕಿದೆ. ತರಗತಿಯಲ್ಲಿ ಓದಿ ಎಲ್ಲರನ್ನೂ ನಗಿಸಿದೆ. ‘ನಮ್ಮವ್ವ ಹಂಗೇ ಅಂತಾಳೆ, ಸಾ’ ಎಂದಷ್ಟೇ ಹೇಳಿ ಅವನು ಕುಳಿತುಕೊಂಡ.

ಕೆಲವು ವರ್ಷಗಳ ಮೇಲೆ ಸುಗ್ಗಿಯ ದಿನಗಳಲ್ಲಿ ಆ ಊರಿಗೆ ಹೋಗಿದ್ದೆ. ಕಣದಲ್ಲಿ ಒಕ್ಕಿದ ರಾಗಿ ರಾಶಿಬಿದ್ದಿತ್ತು. ಬಿಸಿಲಿಗೆ ಕೊರತೆಯಿರಲಿಲ್ಲ; ಗಾಳಿ ಮಾತ್ರ ಸುಳಿಯದು. ಜನ ಮೊರ ಹಿಡಿದು ಕಾದಿದ್ದರು. ಸಂಜೆ ಮರದೆಲೆ ಅಲುಗಿದ್ದೇ ತಡ, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಎಲ್ಲರೂ ತೂರತೊಡಗಿದರು.

ಆಗ ನನಗೆ ಅರ್ಥವಾಯಿತು. ಇಂಗ್ಲೆಂಡಿನ ಒಕ್ಕಲಿಗೆ ನೆಚ್ಚಲಾಗದ್ದು ಬಿಸಿಲು. ಕೊಯ್ದ ಹುಲ್ಲು ಮಳೆಯಲ್ಲಿ ನೆನೆದು ಕೊಳೆತರೆ ಚಳಿಗಾಲಕ್ಕೆ ದನಗಳಿಗೆ ಮೇವಿಲ್ಲ. ನಮ್ಮ ಕಣದಲ್ಲಿ ನೆಚ್ಚಲಾಗದ್ದು ಗಾಳಿ. ಎರಡು ಮಾತುಗಳೂ ಒಂದೇ ಆತಂಕದ ಮಕ್ಕಳು. ಹುಡುಗನ ಉತ್ತರ ನನ್ನದಕ್ಕಿಂತ ಮೇಲಾಗಿತ್ತು.

ಹೊರಗಿನ ನುಡಿಗಟ್ಟು ಬರಲೇಬಾರದೆಂದಲ್ಲ. ಮೊಸಳೆ ಬೇಟೆಯನ್ನು ತಿನ್ನುತ್ತ ಅಳುತ್ತದೆಂಬುದು ಯುರೋಪಿನ ಹಳೆಯ ನಂಬಿಕೆ. ‘ಮೊಸಳೆ ಕಣ್ಣೀರು’ ಇಂದು ಅಚ್ಚಕನ್ನಡದಂತೆಯೇ ಸಲ್ಲುತ್ತಿದೆ. ದೊಡ್ಡಆಲಹಳ್ಳಿಯಿಂದ ಮುಂದೆ ಸಂಗಮದಲ್ಲಿ ಕಾವೇರಿಗಿಳಿಯುವವರಿಗಂತೂ ಮೊಸಳೆಯೇನೂ ಅಪರಿಚಿತವಲ್ಲ. ಇಂಗ್ಲೆಂಡಿನ ಕಚೇರಿಗಳಲ್ಲಿ ಕಾಗದಪತ್ರಗಳನ್ನು ಕೆಂಪು ಪಟ್ಟಿಯಿಂದ ಕಟ್ಟಿಡುತ್ತಿದ್ದುದರಿಂದ ಹುಟ್ಟಿದ ‘ಕೆಂಪುಪಟ್ಟಿ’ಯೂ ಪತ್ರಿಕೆಗಳ ಮೂಲಕ ನಮ್ಮದಾಯಿತು. ಆದರೆ ಕಲ್ಲಿದ್ದಲಿನ ಊರಾಗಿದ್ದ ನ್ಯೂಕ್ಯಾಸಲ್ಲಿಗೆ ಕಲ್ಲಿದ್ದಲು ಹೊತ್ತಂತೆ ಎಂಬ ಮಾತನ್ನು ಕನಕಪುರದ ಮಗು ಏಕೆ ಉರುಹೊಡೆಯಬೇಕು? ಚನ್ನಪಟ್ಟಣಕ್ಕೆ ಬೊಂಬೆ ಹೊತ್ತಂತೆ ಎಂದರೆ ಆ ಕ್ಷಣವೇ ನಕ್ಕು ತಿಳಿದುಕೊಳ್ಳುತ್ತದೆ.

ಕಿಟೆಲ್ಲರು 1894ರ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ನಮ್ಮ ಗಾದೆಗಳಿಗೂ ಎಡೆಕೊಟ್ಟರು. ದೂರದಿಂದ ಬಂದವರು ಮನ್ನಿಸಿದ್ದನ್ನು ಹತ್ತಿರವಿದ್ದ ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ. ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬಿನ್ನಹ: ಇಂಗ್ಲಿಷಿನ ನುಡಿಗಟ್ಟನ್ನು ಕಲಿಸುವ ಮುನ್ನ, ‘ಇದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ?’ ಎಂದು ಮಕ್ಕಳನ್ನು ಕೇಳಿ.

ಆ ಹುಡುಗ ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ. ಆ ಸೊನ್ನೆಯನ್ನು ತಿದ್ದಲಾಗಲಿಲ್ಲ. ಗಾಳಿ ಬಂದಿತ್ತು, ನಾನು ತೂರಿಕೊಳ್ಳಲಿಲ್ಲ.