ಕೋವಿಯ ಕಾನೂನು ಮತ್ತು ದುಡಿಯುವ ಜನ

(ನಮ್ಮ ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವ ಹೆಚ್ಚಿನವರು ಮೊದಲು ತೆರೆಯುವುದು ಊರ ಸುದ್ದಿಯ ಪುಟವನ್ನು. ಮಳೆ, ಬೆಳೆ, ಧಾರಣೆ ಓದಿ ಮುಗಿಸಿದರೆ ಪತ್ರಿಕೆ ಮಡಿಸಿದಂತೆಯೇ. ಪಾರ್ಲಿಮೆಂಟಿನ ಚರ್ಚೆಯನ್ನು ಓದುವವರು ವಿರಳ. ಅದರಲ್ಲೂ ಕೋವಿಯ ಕಾನೂನು ಎಂದರೆ, “ನಮ್ಮಲ್ಲಿ ಕೋವಿಯೇ ಇಲ್ಲ, ಆ ಗೊಡವೆ ನಮಗೇಕೆ?” ಎನ್ನುತ್ತೇವೆ. ಆದರೆ ಒಂದು ಖೋಲಿಯಲ್ಲಿ ಆರು ಮಂದಿ ಇರುವ ನಮ್ಮಂಥವರಿಗೆ ಈ ಗೊಡವೆ ತಪ್ಪಿದ್ದಲ್ಲ. ಅದು ಹೇಗೆಂಬುದನ್ನು ಕೊನೆಗೆ ಹೇಳುತ್ತೇವೆ. ಮೊದಲು ಸ್ವಲ್ಪ ಇತಿಹಾಸ.

1878ರಲ್ಲಿ ವೈಸರಾಯ್ ಲಿಟನ್ನನ ಕಾಲದಲ್ಲಿ ಆದ ಶಸ್ತ್ರ ಶಾಸನ ಭಾರತೀಯನಿಗೆ ಪರವಾನಗಿ ಬೇಕೆಂದಿತು, ಯುರೋಪಿಯನ್ನನಿಗೆ ಬೇಡವೆಂದಿತು. ಈ ಅವಮಾನ ನಮ್ಮ ಹಿರಿಯರನ್ನು ಬಹಳ ಕಾಲ ಚುಚ್ಚಿತು. 1918ರಲ್ಲಿ ಇಲ್ಲಿಗೆ ಹತ್ತಿರದ ಖೇಡಾ ಜಿಲ್ಲೆಯಲ್ಲಿ ತಿರುಗಾಡುತ್ತಿದ್ದಾಗ ಗಾಂಧೀಜಿಯವರೂ ಅದನ್ನು ಖಂಡಿಸಿದರು. ವಲ್ಲಭಭಾಯಿ ಪಟೇಲರು ಅಧ್ಯಕ್ಷರಾಗಿದ್ದ 1931ರ ಕರಾಚಿ ಕಾಂಗ್ರೆಸ್ಸು, ನಿಯಮಗಳಿಗೆ ಒಳಪಟ್ಟು ಶಸ್ತ್ರ ಇಟ್ಟುಕೊಳ್ಳುವುದನ್ನು ಪ್ರಜೆಯ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿತು.

ಆ ಹಕ್ಕು ನಮ್ಮ ಸಂವಿಧಾನದಲ್ಲಿ ಏಕಿಲ್ಲ? 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಪ್ರಶ್ನೆ ಎದ್ದಿತು. ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ನೌಕರಿಯನ್ನು ಬಿಟ್ಟು ದೇಶಸೇವೆಗೆ ಇಳಿದ ಹರಿ ವಿಷ್ಣು ಕಾಮತರು. ಶಸ್ತ್ರ ಹೊಂದುವುದು ಮೂಲಭೂತ ಹಕ್ಕಾಗಬೇಕೆಂದು ಅವರು ತಿದ್ದುಪಡಿ ತಂದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ಹಕ್ಕೆಂದು ಬರೆದಿಟ್ಟರೆ ಅಪರಾಧವನ್ನೇ ಕಸುಬು ಮಾಡಿಕೊಂಡವನೂ ಅದನ್ನು ಕೇಳಲು ಬರುತ್ತಾನೆಂಬುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ಇಂದು 19ನೆಯ ವಿಧಿ ನಮಗೆ ಸಭೆ ಸೇರುವ ಹಕ್ಕನ್ನು ಕೊಟ್ಟಿದೆ, ಆದರೆ ಶಾಂತಿಯಿಂದ ಮತ್ತು ಶಸ್ತ್ರವಿಲ್ಲದೆ. ದುಡಿಯುವವರ ಮೆರವಣಿಗೆಗೆ ಬಲವಿರುವುದು ಈ ಮಾತಿನಲ್ಲಿಯೇ ಎಂದು ನಮ್ಮ ನಂಬಿಕೆ.

1959ರ ಶಸ್ತ್ರ ಶಾಸನ 1962ರಲ್ಲಿ ಜಾರಿಗೆ ಬಂದಿತು. ಅದಕ್ಕೆ ದೊಡ್ಡ ತಿದ್ದುಪಡಿ ಆದದ್ದು 2019ರ ಡಿಸೆಂಬರಿನಲ್ಲಿ. ಒಬ್ಬನು ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿತ್ತು. ಮಸೂದೆ ಅದನ್ನು ಒಂದಕ್ಕೆ ಇಳಿಸಹೊರಟಿತು. ಆಕ್ಷೇಪ ಬಂದ ಮೇಲೆ ಎರಡಕ್ಕೆ ನಿಂತಿತು. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಮದುವೆ, ಉತ್ಸವಗಳಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರವಾನಗಿ ಇಲ್ಲದೆ ಸಾದಾ ಬಂದೂಕು ಇಟ್ಟುಕೊಂಡವನ ಶಿಕ್ಷೆ ಒಂದರಿಂದ ಮೂರು ವರ್ಷ ಇದ್ದದ್ದು ಎರಡರಿಂದ ಐದು ವರ್ಷವಾಯಿತು. ಪರವಾನಗಿ ಪಡೆದವನ ಕೈ ಕಟ್ಟುವುದಕ್ಕಿಂತ ಕಳ್ಳ ಬಂದೂಕು ತಯಾರಿಸುವವನನ್ನು ಹಿಡಿಯುವುದು ಮುಖ್ಯವಲ್ಲವೆ ಎಂಬ ಪ್ರಶ್ನೆ ಸಹಜ. ಶಾಸನ ಅವನಿಗೂ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿದೆ. ಶಿಕ್ಷೆ ಬರೆಯುವುದು ಸುಲಭ, ಅವನನ್ನು ಹುಡುಕಿ ಹಿಡಿಯುವುದು ಕಷ್ಟ.

ಇಲ್ಲಿ ಕೊಡಗಿನ ಮಾತು ಬರುತ್ತದೆ. 1861ರಿಂದ ಕೊಡವರಿಗೆ ಶಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. ಜಮ್ಮಾ ಹಿಡುವಳಿದಾರರಿಗೂ ಇದೆ. ಅವರಿಗೆ ಕೋವಿ ಬರೀ ಆಯುಧವಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ. ಸಾವಿನ ಸುದ್ದಿಯನ್ನು ಊರಿಗೆ ತಿಳಿಸುವುದೂ ಕೋವಿಯ ಶಬ್ದವೇ. ಕೇಂದ್ರ ಸರಕಾರ 2019ರ ಅಕ್ಟೋಬರಿನಲ್ಲಿ ಈ ವಿನಾಯಿತಿಯನ್ನು 2029ರ ಅಕ್ಟೋಬರಿನವರೆಗೆ ಮುಂದುವರಿಸಿತು. ಒಂದು ಜನಾಂಗಕ್ಕೆ ಮಾತ್ರ ಈ ಸವಲತ್ತು ಸಮಾನತೆಗೆ ವಿರುದ್ಧವೆಂದು ದಾವೆ ಬಂದಾಗ ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ವಿನಾಯಿತಿಯನ್ನೇ ಎತ್ತಿಹಿಡಿಯಿತು. ನಂಬಿಕೆಯಿಂದ ಕೊಟ್ಟದ್ದನ್ನು ಜವಾಬುದಾರಿಯಿಂದ ಉಳಿಸಿಕೊಳ್ಳಬೇಕೆಂಬುದು ಇದರ ಪಾಠ.

2023ರ ಡಿಸೆಂಬರಿನಲ್ಲಿ ಇನ್ನೂ ದೊಡ್ಡ ಬದಲಾವಣೆಯಾಯಿತು. 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತು. ಜೊತೆಗೆ ಇನ್ನೆರಡು ಶಾಸನಗಳು. ಮೂರೂ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಬ್ರಿಟಿಷರ ಕಾಲದ ಕಾನೂನು ಹೋಯಿತೆಂದು ಸರಕಾರ ಹೇಳಿತು. ಆದರೆ ಮಸೂದೆಗಳು ಪಾಸಾದಾಗ ವಿರೋಧ ಪಕ್ಷದ 140ಕ್ಕೂ ಹೆಚ್ಚು ಸದಸ್ಯರು ಅಮಾನತಿನಲ್ಲಿದ್ದರು. ಕಾಮತರ ತಿದ್ದುಪಡಿ ಸೋತರೂ ಅವರ ಮಾತನ್ನು ಕೇಳಿ, ಉತ್ತರ ಹೇಳಿ ಸೋಲಿಸಿದರು. ಸೆರೆಮನೆಯ ಬಾಗಿಲು ತೆರೆಯುವ ಮುಚ್ಚುವ ಶಾಸನಕ್ಕೆ ಅಂಥ ಚರ್ಚೆ ಬೇಕು ಎಂಬುದಿಷ್ಟೇ ನಮ್ಮ ಅಭಿಪ್ರಾಯ.

ಈಗ ನಮ್ಮ ಖೋಲಿಯ ವಿಚಾರ. ಕೊಯಾಲಿಯಾಗಲಿ, ಸೂರತ್ ಆಗಲಿ, ಅಹಮದಾಬಾದ್ ಆಗಲಿ, “ನಾಲ್ಕು ದಿನ ಇದನ್ನಿಟ್ಟುಕೋ ಅಣ್ಣಾ” ಎಂದು ಪರಿಚಯದವನು ಗಂಟು ಕೊಟ್ಟರೆ ದಾಕ್ಷಿಣ್ಯಕ್ಕೆ ಬೀಳುವವರು ನಾವು. ಅದರಲ್ಲಿ ನಾಡ ಪಿಸ್ತೂಲು ಇದ್ದರೆ? ತಿಳಿದು ಇಟ್ಟುಕೊಂಡಿದ್ದರೆ ಮಾತ್ರ ಅಪರಾಧವೆಂದು 1972ರಲ್ಲಿ ಗುಣವಂತಲಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ನಿಜ. ಆದರೆ ‘ನನಗೆ ತಿಳಿದಿರಲಿಲ್ಲ’ ಎಂಬುದು ಕೋರ್ಟಿನಲ್ಲಿ ತೀರ್ಮಾನವಾಗುವಷ್ಟರಲ್ಲಿ ನೌಕರಿ ಹೋಗಿರುತ್ತದೆ. ಬಿಚ್ಚಿ ನೋಡದ ಗಂಟನ್ನು ಇಟ್ಟುಕೊಳ್ಳಬೇಡಿರಿ.

ಬೇಸಾಯಕ್ಕೆ, ಮನೆಗೆಲಸಕ್ಕೆ ಮಾತ್ರ ಮಾಡಿದ ವಸ್ತುಗಳನ್ನೂ ಊರುಗೋಲನ್ನೂ ಶಸ್ತ್ರ ಶಾಸನ ಆಯುಧವೆಂದು ಎಣಿಸುವುದಿಲ್ಲ. ಆದರೆ ಗುಜರಾತ್ ಪೋಲೀಸ್ ಶಾಸನದ 37ನೆಯ ಕಲಮಿನ ಪ್ರಕಟಣೆ ಹೊರಟಾಗ ಕತ್ತಿ, ಈಟಿ, ಲಾಠಿ ಹಿಡಿದು ಬೀದಿಗೆ ಹೋಗುವಂತಿಲ್ಲ. ಪ್ರಕಟಣೆ ಗುಜರಾತಿಯಲ್ಲಿ ಇರುತ್ತದೆ. ಓದಲು ಬಾರದಿದ್ದರೆ ಬಲ್ಲವರನ್ನು ಕೇಳಿರಿ.

ಇನ್ನು ನಮ್ಮ ಹಕ್ಕುಗಳು. ಹಿಡಿದವರು ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕೋರ್ಟಿನಲ್ಲಿ ಸಾಕ್ಷ್ಯ ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ ತಿಳಿಯುವ ಭಾಷೆಯಲ್ಲಿ ಹೇಳಿಸಬೇಕು. ಕನ್ನಡ ಮಾತ್ರ ಬಲ್ಲವನು ಕನ್ನಡದಲ್ಲಿ ಕೇಳಿಕೊಳ್ಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನದ ಪ್ರಕಾರ ಬಂಧನದಲ್ಲಿರುವವನಿಗೂ ಕೈಗಾರಿಕಾ ಕಾರ್ಮಿಕನಿಗೂ ವಕೀಲರ ನೆರವು ಪುಕ್ಕಟೆ. ನಾವೇ ಫಿರ್ಯಾದಿಯಾದರೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದು. ಅದರ ನಕಲು ಬಿಟ್ಟಿಯಾಗಿ ದೊರೆಯಬೇಕು.

ಬಂಧುಗಳೆ, ಬಡವನಿಗೆ ಕೋವಿಯ ರಕ್ಷೆಯಿಲ್ಲ, ತಿಳಿವಳಿಕೆಯೇ ರಕ್ಷೆ. ಪತ್ರಿಕೆಯ ಆ ಮಡಿಸಿದ ಪುಟವನ್ನೂ ಬಿಡಿಸಿ ಓದಿರಿ, ಓದಲು ಬಾರದವರಿಗೆ ಓದಿ ಹೇಳಿರಿ ಎಂದು ವಿನಂತಿಸಿ ನಮ್ಮ ಮಾತು ಮುಗಿಸುತ್ತೇವೆ.